ನಮ್ಮ ಯಜಮಾನರ ಮುಂಗಡ ಹರಕೆಗಳು

ಮೊಮ್ಮಗಳು ಮನೆಗೆ ಬಂದಳು! ಇವತ್ತು ಬೆಳಿಗ್ಗೆ, ಮೂಗಿಗೆ ಯಾವ ನಳಿಗೆಯೂ ಇಲ್ಲದೆ, ತನ್ನ ಉಸಿರನ್ನು ತಾನೇ ಆಡಿಕೊಂಡು ಬಂದಳು. ಲಂಡನ್ನಿನ ಕ್ವೀನ್ಸ್‌ಬರಿಯ ನಮ್ಮ ಪುಟ್ಟ ಮನೆಯ ಬಾಗಿಲಲ್ಲಿ ನಾನು ಆರತಿ ತಟ್ಟೆ ಹಿಡಿದು ನಿಂತಿದ್ದೆ. ತಟ್ಟೆ ವಾಲಿ ಅರ್ಧ ಕೆಂಪು ನೀರು ಮಗನ ಬೂಟಿನ ಮೇಲೆಯೇ ಚೆಲ್ಲಿತು. ಚೆಲ್ಲಲಿ ಬಿಡಿ! ಬೂಟು ಇನ್ನೊಂದು ತರಬಹುದು.

ಮಗುವನ್ನು ಉಳಿಸಿದವರು ಯಾರು? ಡಾಕ್ಟರು, ನರ್ಸಮ್ಮಂದಿರು ಎನ್ನುತ್ತಾನೆ ಮಗ. ಅವನೂ ಡಾಕ್ಟರೇ, ಹಾಗೆ ಅನ್ನಲೇಬೇಕು. ಆದರೆ ನಮ್ಮ ಯಜಮಾನರನ್ನು ಕೇಳಿದರೆ ಬೇರೆ ಕಥೆ. ಲಂಡನ್ನಿನಲ್ಲಿರುವ ಅಷ್ಟೂ ದೇವರುಗಳಿಗೆ ಇವರ ಮುಖಪರಿಚಯವಿದೆ ಎಂದರೆ ನೀವು ನಂಬುತ್ತೀರಾ? ನಂಬಬೇಡಿ, ಮೊದಲು ಪೂರ್ತಿ ಕೇಳಿ.

ಹೆಸರು ಹೇಳುವುದಿಲ್ಲ, ಗಂಡನ ಹೆಸರು ಹೇಳಿ ನನಗೆ ಅಭ್ಯಾಸವಿಲ್ಲ. ಮೈಸೂರು–ಕೊಳ್ಳೇಗಾಲದ ಬಸ್ಸಿನಲ್ಲಿ ಕಂಡಕ್ಟರಾಗಿ ಜೀವಮಾನ ಸವೆಸಿದವರು. ಸಂತೆಯ ದಿನ ಕೋಳಿ, ಕುಂಬಳಕಾಯಿ, ಬಾಣಂತಿ, ಬ್ಯಾಂಡ್‌ಸೆಟ್ಟು ಎಲ್ಲವನ್ನೂ ಒಂದೇ ಬಸ್ಸಿಗೆ ತುಂಬಿ, ‘ಇನ್ನೂ ಇಬ್ಬರಿಗೆ ಜಾಗ ಇದೆ, ಒಳಗೆ ನಡೀರಿ’ ಎನ್ನುತ್ತಿದ್ದ ಮನುಷ್ಯ! ಅಂಥವರನ್ನು ತಂದು ಈ ಬೀದಿಯಲ್ಲಿ ಇಟ್ಟರೆ ಏನಾದೀತು? ಪಕ್ಕದ ಮನೆಯವರ ಕೋಟನ್ನು ನೋಡಿದ್ದೇವೆಯೇ ಹೊರತು ಮುಖವನ್ನು ನೋಡಿಲ್ಲ. ಮಗ ಆಸ್ಪತ್ರೆಗೆ, ಸೊಸೆ ಆಫೀಸಿಗೆ ಹೋದರೆ ಮನೆಯಲ್ಲಿ ನಾವಿಬ್ಬರೇ. ಬಾಗಿಲಿನ ಕಂಡಿಯಿಂದ ಪಿಜ್ಜಾ ಅಂಗಡಿಯ ಕಾಗದ ಬಿದ್ದರೂ, ಯಾರೋ ಬಂದರೇನೋ ಎಂದು ಇಬ್ಬರೂ ಎದ್ದು ಹೋಗುತ್ತಿದ್ದೆವು. ಹೋಗಿ, ಕಾಗದ ಹಿಡಿದುಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ವಾಪಸ್ಸು ಬಂದು ಕೂರುತ್ತಿದ್ದೆವು.

“ಇಲ್ಲಿ ಯಾರ ಮನೆಗೂ ಫೋನ್ ಮಾಡ್ದೆ ಹೋಗೋ ಹಂಗಿಲ್ಲ ಕಣೇ,” ಎಂದು ಇವರು ಗೊಣಗುತ್ತಿದ್ದರು. “ಕೆಂಟನ್ನಿನ ನಮ್ಮ ಕನ್ನಡದವ್ರಿಗೇ ಫೋನ್ ಮಾಡಿದ್ರೆ ‘ಮುಂದಿನ ತಿಂಗ್ಳು ಮೂರನೇ ಶನಿವಾರ ಬನ್ನಿ’ ಅಂತಾರೆ. ಅಷ್ಟೊತ್ತಿಗೆ ಏನು ಮಾತಾಡ್ಬೇಕು ಅಂದ್ಕೊಂಡಿದ್ನೋ ಮರ್ತೇ ಹೋಗಿರುತ್ತೆ!”

ಆಮೇಲೆ ಮಗನತ್ತ ತಿರುಗಿ ದಿನವೂ ಅದೇ ಪ್ರಶ್ನೆ: “ಊರಿಗೆ ಯಾವಾಗ ಕಳಿಸ್ತೀಯಪ್ಪಾ?”

“ಮಗು ಹುಟ್ಲಿ ಅಪ್ಪಾ, ಆಮೇಲೆ ನಾನೇ ವಿಮಾನ ಹತ್ತಿಸ್ತೀನಿ,” ಎಂದು ಮಗನೂ ಒಪ್ಪಿಕೊಂಡಿದ್ದ.

ಅಲ್ಲಿಯವರೆಗೆ ಏನು ಮಾಡುವುದು? ಇವರೊಂದು ಉಪಾಯ ಕಂಡುಹಿಡಿದರು. ಫೋನ್ ಮಾಡದೆ ಹೋಗಬಹುದಾದ ಮನೆ ಈ ಊರಿನಲ್ಲಿ ಒಂದೇ ಒಂದು, ಅದು ದೇವರ ಮನೆ! ಶುಕ್ರವಾರ ಮಸೀದಿ, ಶನಿವಾರ ಎಜ್‌ವೇರ್ ಕಡೆಯ ಯಹೂದಿಗಳ ಪ್ರಾರ್ಥನಾ ಮಂದಿರ, ಭಾನುವಾರ ಬೆಳಿಗ್ಗೆ ಚರ್ಚು, ಮಧ್ಯಾಹ್ನ ಸಿಖ್ಖರ ಗುರುದ್ವಾರ. ಗುಜರಾತಿಗಳ ದೇವಸ್ಥಾನ ವಾರದ ಉಳಿದ ದಿನಗಳಿಗೆ. ಎಲ್ಲಿ ಹೋದರೂ ಚಪ್ಪಲಿ ಬಾಗಿಲಲ್ಲೇ ಬಿಡುತ್ತಿದ್ದರು. ಚರ್ಚಿನಲ್ಲಿ ಪಾಪ ಅಲ್ಲಿಯವರೇ ಚಪ್ಪಲಿಯನ್ನು ಒಳಗೆ ತಂದುಕೊಟ್ಟು, ನೆಲ ತಣ್ಣಗಿದೆ ಹಾಕಿಕೋ ಎಂದರಂತೆ. ಎಲ್ಲ ಕಡೆಯೂ ಹಿಂದಿನ ಬಾಗಿಲ ಪಕ್ಕದಲ್ಲೇ ಕೂರುವುದು, ಕಂಡಕ್ಟರ್ ಸೀಟು ನೋಡಿ!

“ಅವ್ರು ಹೇಳಿದ್ದು ಏನಾದ್ರೂ ಅರ್ಥ ಆಯ್ತೇನ್ರೀ?” ಎಂದು ಕೇಳುತ್ತಿದ್ದೆ.

“ಅರ್ಥ ಯಾಕೇ? ಜನ ಇದ್ರಲ್ಲ!”

ನನಗೆ ಮಂಡಿನೋವು, ಇವರ ಹಿಂದೆ ಸುತ್ತಲಾರೆ. ಕಿಟಕಿಯ ಪಕ್ಕ ಕೂತು, ಇವರು ಇಳಿಯುವ ಕೆಂಪು ಬಸ್ಸಿಗೆ ಕಾಯುವುದೇ ನನ್ನ ಪೂಜೆ.

ಅಷ್ಟರಲ್ಲಿ ಸೊಸೆಗೆ ತಿಂಗಳು ತುಂಬುವ ಮೊದಲೇ ಹೆರಿಗೆಯಾಯಿತು. ಮಗು ನನ್ನ ಅಂಗೈಯಷ್ಟು. ಗಾಜಿನ ಪೆಟ್ಟಿಗೆಯಲ್ಲಿಟ್ಟು, ನಳಿಗೆಗಳನ್ನು ಸಿಕ್ಕಿಸಿ, ಎತ್ತಿಕೊಳ್ಳುವ ಹಾಗಿಲ್ಲ ಎಂದರು. ಮೊಮ್ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಎಣ್ಣೆ ತೀಡಬೇಕೆಂದು ಊರಿನಿಂದ ಹರಳೆಣ್ಣೆ ತಂದವಳು ನಾನು, ಗಾಜಿಗೆ ಕೈಯಿಟ್ಟು ನಿಂತೆ.

ಆಗ ಶುರುವಾಯಿತು ಇವರ ಹರಕೆ. ಹರಕೆ ಎಂದರೆ ಕೆಲಸ ಆದ ಮೇಲೆ ತೀರಿಸುವುದು ತಾನೇ? ಇವರದು ಮುಂಗಡ! “ಟಿಕೆಟ್ ಇಲ್ದೆ ಯಾರಾದ್ರೂ ಕೂರಿಸ್ಕೊಂಡು ಹೋಗ್ತಾರೇನೇ? ಮೊದ್ಲು ಟಿಕೆಟ್ಟು, ಆಮೇಲೆ ರೈಟ್!” ಎಂದುಬಿಟ್ಟರು. ಸರಿ. ಆದರೆ ಯಾವ ದೇವರಿಗೆ ಏನು ಕೊಡಬೇಕೆಂದು ತಿಳಿಯುವುದು ಬೇಡವೇ? ಇವರಿಗೆ ಗೊತ್ತಿದ್ದುದು ನಮ್ಮ ಕಡೆಯ ಹರಕೆಗಳು. ಅವನ್ನೇ ಸಿಕ್ಕಸಿಕ್ಕ ದೇವರಿಗೆ ಹಂಚಿದರು.

ಚರ್ಚಿಗೆ ಸಿಕ್ಕಿದ್ದು ಉರುಳುಸೇವೆ. ಹಲ್ಲು ಕಟಕಟಿಸುವ ಚಳಿಯಲ್ಲಿ, ಜಿನುಗುವ ಮಳೆಯಲ್ಲಿ, ಒದ್ದೆ ಪಂಚೆ ಉಟ್ಟು, ಚರ್ಚಿನ ಸುತ್ತ ಹುಲ್ಲಿನ ಮೇಲೆ ಉರುಳತೊಡಗಿದರು. ಅಲ್ಲಿಯ ಪಾದ್ರಿ ಒಬ್ಬ ಹೆಂಗಸು. ಹೌದು, ಇಲ್ಲಿ ಹೆಂಗಸರೂ ಪಾದ್ರಿಗಳಾಗುತ್ತಾರೆ! ಆಯಮ್ಮ ಕಿಟಕಿಯಿಂದ ನೋಡಿ, ಯಾರೋ ಮುದುಕ ಬಿದ್ದು ಒದ್ದಾಡುತ್ತಿದ್ದಾನೆ ಎಂದು ಆಂಬುಲೆನ್ಸ್ ಕರೆದರು. ಆಂಬುಲೆನ್ಸಿನವರು ಹಾಸಿಗೆ ಹಿಡಿದು ಓಡಿಬಂದರೆ ರೋಗಿ ಅಲ್ಲಿಲ್ಲ, ಉರುಳಿಕೊಂಡು ಹಿಂಭಾಗಕ್ಕೆ ಹೋಗಿದ್ದಾರೆ! ಕೊನೆಗೆ ಮಗ ಫೋನಿನಲ್ಲಿ ವಿಷಯ ತಿಳಿಸಿದ. ಆಯಮ್ಮ ಉಳಿದ ಸುತ್ತು ಮುಗಿಯುವವರೆಗೆ ಇವರ ಮೇಲೆ ಕೊಡೆ ಹಿಡಿದು ಪಕ್ಕದಲ್ಲೇ ನಡೆದರಂತೆ.

ಗುರುದ್ವಾರಕ್ಕೆ ಏನು ಹೇಳಿಕೊಂಡಿದ್ದರು ಗೊತ್ತೇ? ಮುಡಿ! ಹುಟ್ಟಿದಾಗಿನಿಂದ ಒಂದು ಕೂದಲನ್ನೂ ಕತ್ತರಿಸದ ಜನರ ದೇವರಿಗೆ ತಲೆ ಬೋಳಿಸಿಕೊಳ್ಳುತ್ತೇನೆ ಎಂದಿದ್ದಾರೆ ಈ ಮಹಾರಾಯರು! ಕತ್ತರಿ, ಬ್ಲೇಡು ಚೀಲದಲ್ಲಿಟ್ಟುಕೊಂಡು ಹೋಗಿ, ಅಲ್ಲಿಯ ಹಿರಿಯ ಸರ್ದಾರರನ್ನು “ನಾಪಿತ್ ಕಹಾಂ?”, ಅಂದರೆ ಕ್ಷೌರದವನು ಎಲ್ಲಿ, ಎಂದು ಕೇಳಿದ್ದಾರೆ. ಅವರು ಮೊದಲು ಗಡ್ಡ ಮುಟ್ಟಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರಂತೆ. ವಿಷಯ ತಿಳಿದ ಮೇಲೆ ಗಹಗಹಿಸಿ ನಕ್ಕು, “ನಿನ್ನ ಕೂದಲು ನಿನ್ನ ಹತ್ತಿರವೇ ಇರಲಿ ಭಾಯಿ, ನಮಗೆ ನಿನ್ನ ಕೈ ಕೊಡು,” ಎಂದು ಅಡುಗೆಮನೆಗೆ ಕರೆದೊಯ್ದು ಚಪಾತಿ ಲಟ್ಟಿಸಲು ಕೂರಿಸಿದರು. ನಮ್ಮ ಮನೆಯಲ್ಲಿ ನೀರಿನ ಲೋಟ ಎತ್ತಿಡದವರು ಅಲ್ಲಿ ಪರಾತಗಟ್ಟಲೆ ಲಟ್ಟಿಸಿದರು.

“ದುಂಡಗೆ ಬಂದ್ವಾ?” ಎಂದೆ.

“ದೇವ್ರು ದುಂಡಗಿರ್ಲಿ ಅಂತ ಕೇಳಿಲ್ಲ.”

ಮಸೀದಿಯಲ್ಲಿ ಇಷ್ಟು ತಾಪತ್ರಯವಾಗಲಿಲ್ಲ. ನಮ್ಮೂರ ದರ್ಗಾಕ್ಕೆ ಸಕ್ಕರೆ ಓದಿಸುವ ಹಾಗೆ ಇಲ್ಲಿಗೂ ಒಂದು ಪೊಟ್ಟಣ ಒಯ್ದಿದ್ದರು. ಚಿಕ್ಕವಯಸ್ಸಿನವರು ‘ಇಲ್ಲಿ ಹಾಗೆಲ್ಲ ಮಾಡುವುದಿಲ್ಲ ಅಂಕಲ್’ ಎಂದರು. ನಮ್ಮ ದೇಶದ ಬೀಡ್ ಎಂಬ ಊರಿನ ಒಬ್ಬ ಮುದುಕರು ಮಾತ್ರ ಇವರನ್ನು ಗೋಡೆಯ ಬದಿಗೆ ಕರೆದು, ತಾವೂ ಅಮ್ಮನ ಜೊತೆ ಹೀಗೇ ಹೋಗುತ್ತಿದ್ದುದನ್ನು ಹೇಳಿ, ಕಣ್ಣು ಮುಚ್ಚಿ ಓದಿಕೊಟ್ಟರಂತೆ.

ಎಲ್ಲಕ್ಕಿಂತ ದೊಡ್ಡ ಗಲಾಟೆ ಆದದ್ದು ಯಹೂದಿಗಳ ಮಂದಿರದ ಮುಂದೆ. ಅಲ್ಲಿಗೆ ಈಡುಗಾಯಿ! ಶನಿವಾರ ಎಲ್ಲರೂ ಒಳಗಿರುವ ಹೊತ್ತಿಗೆ, ಬಾಗಿಲಿಗೆ ಎದುರಾಗಿ ನಿಂತು, ದುಂಡನೆಯ ವಸ್ತುವೊಂದನ್ನು ತಲೆಯ ಮೇಲಕ್ಕೆ ಎತ್ತಿದರೆ ಯಾರು ತಾನೇ ಸುಮ್ಮನಿರುತ್ತಾರೆ? ಕಾವಲಿನವರಿಬ್ಬರು ಕೂಗಿಕೊಂಡು ಓಡಿಬಂದರು. “ಬೇಬಿ! ಸ್ಮಾಲ್ ಬೇಬಿ! ಕೋಕೊನಟ್!” ಎಂದು ಇವರೂ ಕೂಗಿದರು. ಅವರಲ್ಲಿ ವಯಸ್ಸಾದವರು ತೆಂಗಿನಕಾಯಿಯನ್ನೂ ಇವರ ಮುಖವನ್ನೂ ನೋಡಿ, ನಿಧಾನವಾಗಿ ಕೈಸನ್ನೆಯಲ್ಲೇ ಕೇಳಿ ತಿಳಿದುಕೊಂಡು, “ಶನಿವಾರ ನಾವು ಯಾವ ಕೆಲಸವನ್ನೂ ಮಾಡುವುದಿಲ್ಲ, ಏನನ್ನೂ ಒಡೆಯುವುದಿಲ್ಲ. ನಾಳೆ ಬಾ,” ಎಂದರು. ಭಾನುವಾರ ಇವರು ಹೋದಾಗ, ಆ ಹಿರಿಯರು ಹಿತ್ತಲಿನ ಕಲ್ಲನ್ನು ತೊಳೆದಿಟ್ಟುಕೊಂಡು ಕಾಯುತ್ತಿದ್ದರು. ಒಡೆದ ಮೇಲೆ ಚೂರುಗಳನ್ನು ಇಬ್ಬರೂ ಬಗ್ಗಿ ಆರಿಸಿ, ಅಲ್ಲೇ ಮೆಟ್ಟಿಲ ಮೇಲೆ ಕೂತು ತಿಂದರಂತೆ. ಇವರಿಗೆ ಅವರ ಭಾಷೆ ಬಾರದು, ಅವರಿಗೆ ಇವರದು ಬಾರದು. ಆದರೂ ಮನೆಗೆ ಬರುವಾಗ ಸಂಜೆಯಾಗಿತ್ತು!

ಇಷ್ಟೆಲ್ಲ ಮುಂಗಡ ಕೊಟ್ಟರೂ ಒಂದು ಮಧ್ಯಾಹ್ನ ಮಗುವಿಗೆ ಸೋಂಕು ತಗುಲಿತು. ಮಗ ಡಾಕ್ಟರಾದರೂ ಅಪ್ಪನಾಗಿ ಹೊರಗೆ ನಿಂತ, ಸೊಸೆ ಗೋಡೆಗೆ ಒರಗಿ ಕೂತುಬಿಟ್ಟಳು. ಇವರು ಎಲ್ಲಿಗೋ ಎದ್ದುಹೋದರು. ತುಂಬ ಹೊತ್ತಿನ ಮೇಲೆ ಬಂದು ನನ್ನ ಪಕ್ಕ ಕೂತರು. ಎಲ್ಲಿಗೆ ಹೋಗಿದ್ದಿರಿ ಎಂದರೆ ಮಾತೇ ಇಲ್ಲ. ಮಾತಾಡದ ಇವರನ್ನು ಕಂಡು ನನಗೆ ಮಗುವಿನಷ್ಟೇ ಇವರ ಭಯವೂ ಆಯಿತು. ಆವತ್ತಿನಿಂದ ಮೊಮ್ಮಗಳು ಒಂದೊಂದೇ ಗುಟುಕು ಹಾಲು ಕುಡಿದು ಚೇತರಿಸಿಕೊಂಡಳು. ಇವತ್ತು ಬಂದಳು!

ಸಂಜೆ ನಾನು ಶ್ಯಾವಿಗೆ ಪಾಯಸ ಮಾಡಿದೆ. ಮಗು ಪಕ್ಕದ ಬುಟ್ಟಿಯಲ್ಲಿ ಮಲಗಿತ್ತು. ಎಷ್ಟೋ ದಿನಗಳ ಮೇಲೆ ಮೂವರೂ ಒಟ್ಟಿಗೆ ಊಟಕ್ಕೆ ಕೂತಿದ್ದರು, ನಾನು ಬಡಿಸುತ್ತಿದ್ದೆ. ಮಗ ಖುಷಿಯಿಂದ, “ಅಪ್ಪಾ, ಇನ್ನು ನೀವು ಊರಿಗೆ ಹೋಗ್ಬಹುದು. ನಾಳೇನೇ ಬುಕ್ ಮಾಡ್ಲಾ?” ಎಂದ.

“ಬೇಡ,” ಎಂದರು ಇವರು, ಅನ್ನ ಕಲೆಸುತ್ತಾ.

“ದಿನಾ ಪ್ರಾಣ ತಿಂತಿದ್ರಲ್ಲ ಮಾವ!” ಎಂದಳು ಸೊಸೆ.

“ಅದನ್ನ ಕೊಟ್ಬಿಟ್ಟೆ ಕಣಮ್ಮ.”

ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದರು. ಆವತ್ತು ಆಸ್ಪತ್ರೆಯಲ್ಲಿ ಎಲ್ಲ ಮತದವರಿಗೂ ಸೇರಿ ಒಂದೇ ಪ್ರಾರ್ಥನೆಯ ಕೋಣೆ ಇದೆ ಎಂದು ನರ್ಸಮ್ಮ ತೋರಿಸಿದಳಂತೆ. “ಒಳಗೆ ಹೋದ್ರೆ ದೇವ್ರೇ ಇಲ್ಲ ಕಣೋ. ನಾಲ್ಕು ಕುರ್ಚಿ, ಒಂದು ಚಾಪೆ. ಕಾಯಿ ಒಡೆಯೋಕೆ ಕಲ್ಲಿಲ್ಲ, ಉರುಳೋಕೆ ಜಾಗ ಇಲ್ಲ. ಏನು ಕೊಡ್ಲಿ? ಕಾಶಿಗೆ ಹೋದವ್ರು ತಮಗೆ ಇಷ್ಟವಾದದ್ದನ್ನ ಬಿಟ್ಟು ಬರ್ತಾರಲ್ಲ... ನಂಗೆ ಅದೊಂದೇ ತಾನೇ ಆಸೆ ಇದ್ದಿದ್ದು. ಊರಿಗೆ ಹೋಗಲ್ಲ, ಇವಳ ಜೊತೆ ಇಲ್ಲೇ ಇರ್ತೀನಿ ಅಂದೆ.”

ಮಗ ತಟ್ಟೆಯಿಂದ ಮುಖ ಎತ್ತಲಿಲ್ಲ. ಊರಿನ ಆಸೆ ನನಗೂ ಇರಲಿಲ್ಲವೇ?

“ನನ್ನದನ್ನೂ ಸೇರ್ಸಿ ಕೊಟ್ರೇನ್ರೀ?” ಎಂದೆ.

“ನಿಂದು ನಾನು ಹೆಂಗೆ ಕೊಡ್ಲಿ ಕಣೇ? ನೀನು ಹೋಗ್ಬಹುದು.”

“ನಾನೊಬ್ಳೇ ಹೋಗಿ ಅಲ್ಲಿ ಯಾರನ್ನ ಬೈಲಿ?” ಎಂದು ಇವರ ಲೋಟಕ್ಕೆ ಇನ್ನೊಂದು ಸೌಟು ಪಾಯಸ ಬಡಿಸಿ, ನಾನೂ ತಟ್ಟೆ ಹಾಕಿಕೊಂಡು ಇವರ ಪಕ್ಕದಲ್ಲೇ ಊಟಕ್ಕೆ ಕೂತೆ.