ಹಿನ್ನೀರ ದಂಡೆಯಲ್ಲಿ ಹಕ್ಕಿ ರಕ್ಷಣೆ

ಹಕ್ಕಿಗಳು ಮರದ ಮೇಲೆ ಗೂಡು ಕಟ್ಟುತ್ತವೆ. ಇದರಲ್ಲಿ ನಮಗಾರಿಗೂ ಅನುಮಾನವಿರಲಿಲ್ಲ.

ಗೇರುಸೊಪ್ಪದ ಹತ್ತಿರ ಹಿನ್ನೀರಿನ ದಂಡೆ ಕುಸಿದಿತ್ತು. ಮಳೆಗಾಲಕ್ಕೆ ಮೊದಲು ಅದಕ್ಕೆ ಕಲ್ಲಿನ ಗೋಡೆ ಕಟ್ಟಬೇಕು. ಮೇಲಿನವರದು ಒಂದೇ ಷರತ್ತು: ಒಂದು ಮರಿಯೂ ಸಾಯಬಾರದು, ಸತ್ತರೆ ಕೆಲಸ ಬಂದ್. ನಾನು ಅಲ್ಲಿ ಸೈಟ್ ಇಂಜಿನಿಯರ್. ಇಂಥ ಕಡೆ ನಗೆಪ್ರಸಂಗಗಳಿಗೆ ಬರವಿಲ್ಲ. ನಗುವ ಮನಸ್ಸಿಗೆ ಇರಬಹುದು.

ಕಾಗೆಯ ಮರ

ದಂಡೆಯ ಮರಗಳನ್ನೆಲ್ಲ ತಲೆಯೆತ್ತಿ ನೋಡಿದೆವು. ಸಿಕ್ಕಿದ್ದು ಒಂದು ಕಾಗೆಗೂಡು. ನಮ್ಮ ಸಾಹೇಬರು ಆ ಮರಕ್ಕೆ ಕೆಂಪು ಪಟ್ಟಿ ಕಟ್ಟಿಸಿ, ಗೋಡೆಯನ್ನು ಅದರ ಸುತ್ತ ಬಳಸಿ ಒಯ್ಯಲು ಹೇಳಿದರು. ಹೊನ್ನಾವರದ ಕಂಟ್ರಾಕ್ಟರಿಗೆ ತಡೆದುಕೊಳ್ಳಲಾಗಲಿಲ್ಲ.

“ಕಾಗೆನೂ ಲೆಕ್ಕಕ್ಕೆ ಬರ್ತದಾ ಸಾಹೇಬ್ರೆ?”

“ಬರ್ತದೆ.”

“ನಮ್ಮಪ್ಪನ ತಿಥಿಗೆ ಮಧ್ಯಾಹ್ನದ ತನಕ ಕೂಗಿದ್ರೂ ಬರ್ಲಿಲ್ಲ ಅದು. ಈಗ ಗೋಡೆ ಬೇಕಂತೆ ಅದಕ್ಕೆ!”

ಹಸಿರು ಪೆಟ್ಟಿಗೆ

ಮರ ಸಾಲದೆಂದು ಕುಮಟೆಯಿಂದ ಗೂಡುಪೆಟ್ಟಿಗೆಗಳು ಬಂದವು. ಹಸಿರು ಬಣ್ಣ, ತೆಗೆದು ಮುಚ್ಚುವ ಮಾಡು, ದುಂಡು ಬಾಗಿಲು. ಯಾವ ಹಕ್ಕಿಯೂ ಹಣಿಕಿ ನೋಡಲಿಲ್ಲ. ಒಂದು ದಿನ ಸಾಹೇಬರು ಒಂದು ಪೆಟ್ಟಿಗೆಗೆ ಮೂಗು ಹಚ್ಚಿ ಅರಳಿದರು.

“ಮೀನಿನ ವಾಸನೆ! ಮೀನು ತಿನ್ನುವ ಹಕ್ಕಿಯೇ ಬಂದಿದೆ.”

ಕಲ್ಲು ಹೊರುತ್ತಿದ್ದ ಮುರ್ಡೇಶ್ವರದ ಆಳು ಕೈ ತೊಳೆದುಕೊಂಡು ಬಂದ. “ಹೌದು ಸಾಹೇಬ್ರೆ. ಬಂಗಡೆ ಸಾರು, ಅನ್ನ. ಕೆಳಗಿಟ್ರೆ ಇರುವೆ ಹತ್ತುತ್ತದೆ.”

ಬಿಲ

ಗೋಡೆ ಏಳಬೇಕಾದ ಕಡೆ, ಬೋಳು ಮಣ್ಣಿನ ಮೈಯಲ್ಲಿ ದುಂಡಗಿನ ಬಿಲಗಳಿದ್ದವು.

“ಇದೆಂತ?” ಎಂದ ಕಂಟ್ರಾಕ್ಟರ್.

“ಇಲಿ,” ಎಂದರು ಸಾಹೇಬರು. “ದಂಡೆ ಕುಸಿಯುವುದೇ ಇವುಗಳಿಂದ. ಒಂದನ್ನೂ ಬಿಡಬೇಡಿ.”

“ಆತು.”

ಬಿಲ ಕಂಡರೆ ಮುಚ್ಚು. ದಂಡೆ ಕೆಲಸದ ಮೊದಲ ಪಾಠ ಅದು, ನಾನೂ ಓದಿದ್ದೇನೆ. ಜೇಡಿ ಜಡಿದು, ಮೇಲೆ ಕಲ್ಲು ಕೂರಿಸಿದರು. ಒಂದು ಇಲಿಯೂ ಹೊರಬರಲಿಲ್ಲ. ನಮ್ಮ ಕೆಲಸದ ಗುಣಮಟ್ಟ ಅಂಥದ್ದು.

ಅತಿಥಿ

ಮರುದಿನ ಮೇಲಿನವರು ನೋಡಲು ಬಂದರು. ಅದೇ ಹೊತ್ತಿಗೆ ಜೋಡಿ ಮಿಂಚುಳ್ಳಿ ಹಾರಿಬಂದು ಹೊಸ ಗೋಡೆಯ ಮೇಲೆ ಕೂತವು. ಒಂದರ ಕೊಕ್ಕಿನಲ್ಲಿ ಮೀನು. ಸಾಹೇಬರು ಫೋಟೋ ತೆಗೆಸಿದರು.

“ನೋಡಿ, ಇಷ್ಟು ಜನರಿದ್ದರೂ ಹೆದರಿಕೆಯಿಲ್ಲ. ನಮ್ಮ ಕೆಲಸವನ್ನು ಒಪ್ಪಿಕೊಂಡಿವೆ.”

“ನಮಗೆ ಮೀನು ಕೊಡೂಕೆ ಬಂದದ್ದಾ ಎಂತ?” ಎಂದ ಕಂಟ್ರಾಕ್ಟರ್. ಎಲ್ಲರೂ ನಕ್ಕರು. ಮೇಲಿನವರೂ ನಕ್ಕು, ಒಂದು ಮರಿಯೂ ಸಾಯದಂತೆ ಕೆಲಸ ಮುಗಿದಿದೆ ಎಂದು ಸಾಹೇಬರ ಕೈ ಕುಲುಕಿದರು.

ಮೀನು ಹಿಡಿದ ಹಕ್ಕಿ ಹಾರಿ ಗೋಡೆಯ ಕಲ್ಲಿಗೆ ಬಡಿಯಿತು, ಹಿಂದೆ ಸರಿಯಿತು, ಮತ್ತೆ ಅಲ್ಲಿಗೇ ಬಡಿಯಿತು. ಮೀನನ್ನು ಬಿಡಲಿಲ್ಲ. ತಾನೂ ತಿನ್ನಲಿಲ್ಲ.

ಮಿಂಚುಳ್ಳಿ ಮರಿ ಮಾಡುವುದು ದಂಡೆಯ ಮಣ್ಣಿನಲ್ಲಿ, ಬಿಲ ಕೊರೆದು.