ಗ್ಯಾಸಿನ ಗುಂಡಿಗೆ ಉಪವಾಸ ಇಲ್ಲ

"ನೀವು ಉಣ್ಣದಿದ್ರ ಬಿಡ್ರಿ. ಹಿತ್ತಲ ಗುಂಡಿಗೆ ಹೆಂಡಿ ಹಾಕಿ ಬರ್ರಿ. ಅದನ್ನ ಉಪವಾಸ ಕೆಡವಬ್ಯಾಡ್ರಿ."

ಹಾಸಿಗೆ ಹಿಡಿದಿದ್ದ ನನ್ನ ಹೆಂಡತಿ ನನಗೆ ಹೇಳಿದ ಕೊನೆಯ ಮಾತು ಇದು. ದನ ಮನೆಗೆ ಬರುವ ಹೊತ್ತು. ನಾನು ಹಿತ್ತಲಿಗೆ ಹೋದೆ. ಎಮ್ಮೆಯ ಸೆಗಣಿ ತುಂಬಿದೆ, ನೀರು ಕಲಸಿದೆ, ಗೋಬರ್ ಗ್ಯಾಸಿನ ಗುಂಡಿಗೆ ಸುರಿದೆ. ಕೈ ತೊಳೆದುಕೊಂಡು ಬಂದೆ. ಆಕಿ ಹೋಗಿದ್ದಳು.

ನಾನು ಗೌಂಡಿ. ಶಾಲೆ ಕಲಿತದ್ದು ಕಡಿಮೆ. ಮನೆ ಪಾಮನಕಲ್ಲೂರು. ಮಸ್ಕಿ, ಲಿಂಗಸುಗೂರು, ಸಿಂಧನೂರು ಸುತ್ತಮುತ್ತ ನೆಲದೊಳಗೆ ಇಟ್ಟಂಗಿಯ ಗುಮ್ಮಟ ಕಟ್ಟುವುದು ನನ್ನ ಕೆಲಸ. ಅದಕ್ಕೆ ಸೆಗಣಿ ಹಾಕಿದರೆ ಒಳಗೆ ಕೊಳೆತು ಗ್ಯಾಸ್ ಆಗುತ್ತದೆ. ಗ್ಯಾಸ್ ಪೈಪಿನಲ್ಲಿ ಒಲೆಗೆ ಬರುತ್ತದೆ. ಉಳಿದ ರಾಡಿ ಹೊಲಕ್ಕೆ ಗೊಬ್ಬರ. ಕಟ್ಟಿಗೆ ಬೇಡ, ಹೊಗೆ ಇಲ್ಲ. ಎಷ್ಟು ಕಟ್ಟಿದರೂ ಮೊದಲ ಉರಿ ನೋಡುವಾಗ ನನಗೆ ಇವತ್ತಿಗೂ ಸೋಜಿಗ. ಸಿಮೆಂಟು ಕಲಸಿ ಕೊಡುತ್ತಿದ್ದವಳು ಆಕಿ. ಮನೆಯವರಿಗೆ ತಿಳಿಸಿ ಹೇಳುತ್ತಿದ್ದವಳೂ ಆಕಿ. ನನಗೆ ಮಾತು ಕಡಿಮೆ.

ಗುಂಡಿಗೆ ದಿನಾ ಉಣಿಸಬೇಕು. ಹಸಿದರೆ ಗ್ಯಾಸ್ ನಿಲ್ಲುತ್ತದೆ. ಆಕಿಯ ಒಲೆ ಆರಬಾರದು. ಈಗ ನನಗಿರುವ ಚಿಂತೆ ಅಷ್ಟೇ.

ಈ ಕೆಲಸದಲ್ಲಿ ನಗುವಂಥದ್ದು ಏನಾದರೊಂದು ಆಗುತ್ತಲೇ ಇರುತ್ತದೆ. ನಮ್ಮ ಜನ ಸೆಗಣಿ ಕಂಡರೆ ಬಟ್ಟೆ ಎತ್ತಿ ದಾಟುತ್ತಾರೆ, ಬೆಂಕಿ ಕಂಡರೆ ಕೈ ಮುಗಿಯುತ್ತಾರೆ. ಎರಡೂ ಒಂದೇ ಪೈಪಿನಲ್ಲಿ ಬಂದರೆ ಏನು ಮಾಡಬೇಕೆಂದು ಯಾರಿಗೂ ತಿಳಿಯುವುದಿಲ್ಲ.

ಹೊಸ ಸೊಸಿ

ಮೊದಲು ಕಟ್ಟಿದ್ದು ನಮ್ಮ ಹಿತ್ತಲಿನಲ್ಲೇ. ಮೊದಲ ಸಲ ಗುಂಡಿ ತುಂಬಿಸಲು ಸೆಗಣಿ ಬಹಳ ಬೇಕು. ಓಣಿಯ ದನಗಳದ್ದೆಲ್ಲ ಆಕಿ ಬುಟ್ಟಿಯಲ್ಲಿ ಹೊತ್ತು ತಂದಳು. ಬಾಜು ಮನೆಯ ಮುದುಕಿಗೆ ಇದು ಸೇರಲಿಲ್ಲ. "ನನ್ನ ಅಡಗಿಮನಿಗೆ ವಾಸನಿ ಬರ್ತೈತಿ" ಎಂದು ದಿನಾ ಗೋಡೆ ಮೇಲೆ ಗದ್ದ ಊರಿ ಜಗಳ.

ಒಲೆ ಹಚ್ಚುವ ದಿನ ಓಣಿಯೇ ಸೇರಿತು. ನಾನು ಕಡ್ಡಿ ಗೀರಿದೆ. ಪುಸ್ಸೆಂದಿತು. ಕಡ್ಡಿ ಆರಿತು. ಮತ್ತೆ ಗೀರಿದೆ. ಮತ್ತೆ ಪುಸ್. ಮೊದಮೊದಲು ಬರುವ ಗ್ಯಾಸ್ ಹತ್ತುವುದಿಲ್ಲ, ಅದನ್ನು ಬಿಟ್ಟುಬಿಡಬೇಕು. ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ಗೋಡೆ ಮೇಲಿಂದ ಮುದುಕಿ ಕೂಗಿದಳು. "ಓಣಿ ಹೆಂಡಿ ಎಲ್ಲಾ ನುಂಗಿ ಬರೇ ತೇಗಾಕತ್ತೈತಲ್ಲಬೇ ನಿನ್ನ ಗುಂಡಿ!"

ನನ್ನ ಹೆಂಡತಿ ಬಿಡಲಿಲ್ಲ. "ಹೊಸ ಸೊಸಿ ಇದ್ದಂಗ ಬೇ ಅದು. ಮೊದಲ ನಾಕು ದಿನ ಬರೇ ಉಸಿರು ಬಿಡ್ತೈತಿ. ಉರಿ ಆಮ್ಯಾಲ ನೋಡು."

ಮುದುಕಿಯ ಹಿಂದೆ ಅವಳ ಸೊಸೆ ನಿಂತಿದ್ದಳು. ಮದುವೆಯ ಹಸಿರು ಬಳೆ ಇನ್ನೂ ಕೈಯಲ್ಲಿದ್ದವು. ಮುದುಕಿ ಮೆಲ್ಲಗೆ ಹಿಂದಕ್ಕೆ ತಿರುಗಿ ಅವಳ ಮುಖ ನೋಡಿದಳು. 

ಊದುಗೊಳವಿ

ಬಳಗಾನೂರಿನಲ್ಲಿ ಒಂದು ಮನೆಗೆ ಗುಂಡಿ ಕಟ್ಟಿ, ಒಲೆ ಹಚ್ಚಿಕೊಟ್ಟು ಬಂದಿದ್ದೆವು. ವಾರ ಆಗಿರಲಿಲ್ಲ, ಆ ಮನೆ ಯಜಮಾನನ ಫೋನು. "ನಿಮ್ಮ ಗ್ಯಾಸ್ ಖರಾಬ್ ಐತ್ರಿ. ಹಚ್ಚಿದ್ದು ಹಚ್ಚಿದಂಗ ಆರಾಕತ್ತೈತಿ."

ಬಸ್ಸು ಹತ್ತಿ ಹೋದೆವು. ನಾನು ಪೈಪು ನೋಡಿದೆ, ವಾಲು ನೋಡಿದೆ, ಗುಮ್ಮಟದ ಮೇಲೆ ಸಾಬೂನು ನೀರು ಹಚ್ಚಿ ನೋಡಿದೆ. ಎಲ್ಲಿಯೂ ಗುಳ್ಳೆ ಏಳಲಿಲ್ಲ. ನನ್ನ ಹೆಂಡತಿ ಅಡುಗೆಮನೆಯಲ್ಲಿ ಸುಮ್ಮನೆ ಕುಳಿತು ಆ ಮನೆಯ ಅಜ್ಜಿ ರೊಟ್ಟಿ ಬಡಿಯುವುದನ್ನು ನೋಡಿದಳು. ಅಜ್ಜಿ ರೊಟ್ಟಿ ಹೆಂಚಿಗೆ ಹಾಕಿದಳು. ಪಕ್ಕದಲ್ಲಿದ್ದ ಊದುಗೊಳವಿ ತೆಗೆದಳು. ಬಗ್ಗಿ ಉರಿಗೆ ಫೂ ಎಂದು ಊದಿದಳು. ಉರಿ ಆರಿತು.

"ಯಾಕ ಊದತಿ ಬೇ? ಇದು ಕಟ್ಟಿಗಿ ಒಲಿ ಅಲ್ಲ" ಎಂದಳು ನನ್ನ ಹೆಂಡತಿ.

ಅಜ್ಜಿಗೆ ನಾಚಿಕೆಯಾಯಿತು. "ಗೊತ್ತೈತಿ ನನಮಗಳ. ಕೈ ಕೇಳಂಗಿಲ್ಲ. ಹುಟ್ಟಿದಾಗಿಂದ ಊದೀನಿ. ಊದಲಾರದ ರೊಟ್ಟಿ ಮಾಡಿದ್ರ ಮಂದಿ ಮನಿ ರೊಟ್ಟಿ ಕದ್ದಂಗ ಆಕ್ಕೈತಿ."

"ಊದಾದು ಬಿಡಬ್ಯಾಡ. ಒಲಿಗೆ ಬೆನ್ನ ಮಾಡಿ ಊದು."

ನಾವು ನಕ್ಕೆವು. ಅಜ್ಜಿ ನಗಲಿಲ್ಲ. ಮುಂದೆ ಒಮ್ಮೆ ಆ ಕಡೆ ಹೋದಾಗ ಇಣುಕಿ ನೋಡಿದೆ. ಒಲೆ ನೀಲಿಯಾಗಿ ಉರಿಯುತ್ತಿತ್ತು. ಅಜ್ಜಿ ಗೋಡೆ ಕಡೆ ತಿರುಗಿ ಊದುತ್ತಿದ್ದಳು.

ಬಿಳಿ ಅಂಗಿ

ಸಿಂಧನೂರಿನಲ್ಲಿ ಒಂದು ರೈಸ್ ಮಿಲ್ಲು. ಭತ್ತದ ಹೊಟ್ಟು ಸುಟ್ಟೇ ಅದರ ಬಾಯ್ಲರು ನಡೆಯುತ್ತದೆ. ಕಟ್ಟಿಗೆ ಇಲ್ಲ, ಕಲ್ಲಿದ್ದಲು ಇಲ್ಲ. ಅದು ಒಳ್ಳೆಯದೇ. ಆದರೆ ಚಿಮಣಿಯಿಂದ ಕರಿ ಬೂದಿ ಹಾರಿ ಹಿಂದಿನ ಓಣಿಗೆ ಬೀಳುತ್ತಿತ್ತು. ಆ ಓಣಿಯಲ್ಲಿ ಬಿಳಿ ಬಟ್ಟೆ ಒಣಹಾಕುವವರು ಇರಲಿಲ್ಲ.

ಮಿಲ್ಲಿನವರು ಬೂದಿ ಹಿಡಿಯುವ ಹೊಸ ಯಂತ್ರ ತಂದರು. ಹೊಗೆಯನ್ನು ನೀರಿನಲ್ಲಿ ತೊಳೆದು ಬಿಡುತ್ತದೆ. ಬೂದಿ ತೊಟ್ಟಿಯಲ್ಲಿ ಕೂರುತ್ತದೆ. ಆ ತೊಟ್ಟಿ ಕಟ್ಟಿದವರು ನಾವು. ಹೊಗೆಗೂ ಸ್ನಾನ ಮಾಡಿಸುತ್ತಾರೆಂದು ಆಕಿ ಬೆರಗಾಗಿ ನಿಂತಿದ್ದಳು.

ಯಂತ್ರ ಶುರುವಾದ ದಿನ ಹಿಂದಿನ ಓಣಿಯ ಕಿರಾಣಿ ಅಂಗಡಿ ಸಾಹುಕಾರರು ಬಿಳಿ ಅಂಗಿ ಒಣಹಾಕಿ, ಅದರ ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತರು. ಅಂಗಡಿಗೆ ಹೋಗಲಿಲ್ಲ.

ನನ್ನ ಹೆಂಡತಿ ಕೇಳಿದಳು. "ಏನ್ ಕಾಯಾಕತ್ತೀರಿ ಸಾವ್ಕಾರ್ರ?"

"ಬೂದಿ."

"ಬರಾಕತ್ತಿಲ್ಲಲ್ರಿ?"

"ಅದಕ್ಕಽ ಕಾಯಾಕತ್ತೀನಿ."

ಸಂಜೆಯಾಯಿತು. ಅಂಗಿ ಬೆಳ್ಳಗೇ ಇತ್ತು. ಸಾಹುಕಾರರು ಅದನ್ನು ಹಾಕಿಕೊಂಡು ಓಣಿಯಲ್ಲಿ ಈ ತುದಿಯಿಂದ ಆ ತುದಿಗೆ ನಡೆದರು. ಅವರ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದರು. "ಮಿಲ್ಲಿಗೆ ಯಂತ್ರ ಕುಂತ್ರ ಇವರ ಹರೇ ಹೊಳ್ಳಿ ಬಂತು. ಯಾರನ್ನ ನೋಡಾಕ ಹೊಂಟಾರಂತ ಕೇಳಬೇ!"

ಆಕಿ ಕೇಳಲು ನಿಲ್ಲಲಿಲ್ಲ. ಸಂಜೆಯ ಬಸ್ಸಿಗೆ ನನ್ನ ತೋಳು ಹಿಡಿದು ಎಳೆದಳು. "ನಡೀರಿ, ಗುಂಡಿ ಹಸದಿರ್ತೈತಿ." ಯಾವ ಊರಿಗೆ ಹೋದರೂ ಆಕಿಗೆ ಇದೇ ಮಾತು.

ನಮ್ಮನಿ ಊಟ

ಲಿಂಗಸುಗೂರಿನ ಬಟ್ಟೆ ವ್ಯಾಪಾರಿ ಒಬ್ಬರು. ಶಿವಪೂಜೆಯ ಮನೆತನ. ದನ ಎರಡೇ, ಗ್ಯಾಸ್ ಸಾಲದು. ಪಾಯಖಾನೆಯ ಪೈಪನ್ನೂ ಗುಂಡಿಗೆ ಸೇರಿಸಲು ಹೇಳಿದರು. ಸೇರಿಸಿದೆ. ಒಲೆ ಚೆನ್ನಾಗಿ ಉರಿಯಿತು. ಸಂಗತಿ ತಿಳಿದ ಅವರ ತಾಯಿ ಮಾತ್ರ ಊಟ ಬಿಟ್ಟು ಕುಳಿತರು. "ಆ ಬೆಂಕಿ ಮ್ಯಾಲಿನ ಅನ್ನ ನನಗ ಬ್ಯಾಡ. ಅಯ್ಯನವರು ಬರ್ಲಿ, ಕೇಳೂಣು."

ಮನೆತನದ ಗುರುಗಳು ಅಯ್ಯನವರು ಬಂದರು. ತಾಯಿ ಎಲ್ಲ ಹೇಳಿದರು. ಅಯ್ಯನವರು ಗುಂಡಿ ನೋಡಿದರು. ಒಲೆ ನೋಡಿದರು. ಹಸಿವೆಯಾಗಿತ್ತೆಂದು ಕಾಣುತ್ತದೆ, ಒಲೆಯ ಮೇಲಿದ್ದ ಹೋಳಿಗೆಯನ್ನೂ ನೋಡಿದರು.

"ಯವ್ವಾ, ತಿಪ್ಪಿ ಗೊಬ್ಬರ ಹೊಲಕ್ಕ ಹಾಕ್ತೀರಿ, ಜ್ವಾಳ ಬೆಳೀತೈತಿ, ರೊಟ್ಟಿ ಉಣ್ತೀರಿ. ಇಲ್ಲಿ ದಾರಿ ಒಂದೀಟು ಹತ್ರ ಆಗೈತಿ, ಅಷ್ಟಽ. ಎಡಿ ಹಾಕು."

ತಾಯಿ ಉಂಡರು. ಎಲ್ಲರೂ ಉಂಡರು. ಊರಿಂದ ಬಂದ ಬೀಗರು ಕೈ ತೊಳೆದು, ತಂಬಿಗೆ ಹಿಡಿದು ಬಯಲ ಕಡೆ ಹೊರಟರು. ವ್ಯಾಪಾರಿ ಓಡಿ ಬಂದು ಅಡ್ಡ ನಿಂತರು. "ಬೀಗರ, ಹಿಂಗ ಮಾಡಬ್ಯಾಡ್ರಿ! ನಮ್ಮನಿ ಊಟ ಉಂಡು ಮಂದಿ ಹೊಲಕ್ಕ ಕೊಡ್ತೀರೇನು?"

ಗೋಡೆ ಮೇಲಿನ ಪೈಪು

ಆಕಿ ಹೋದ ದಿನಕ್ಕೆ ಬರುತ್ತೇನೆ. ಮಣ್ಣು ಮಾಡುವವರೆಗೆ ಸತ್ತ ಮನೆಯಲ್ಲಿ ಒಲೆ ಹಚ್ಚಬಾರದು. ನಮ್ಮಲ್ಲಿ ಹಾಗೆ. ನೆರೆಯವರು ಬೇಯಿಸಿ ತರುತ್ತಾರೆ. ನಾವೂ ಹಚ್ಚಲಿಲ್ಲ. ಇದು ಗುಂಡಿಗೆ ಗೊತ್ತಿಲ್ಲ. ಅದು ಸಂಜೆ ಹೊಟ್ಟೆ ತುಂಬ ಉಂಡಿತ್ತು, ಗ್ಯಾಸ್ ಮಾಡುತ್ತಲೇ ಇತ್ತು.

ಮರುದಿನ ಬಿಸಿಲೇರುವ ಹೊತ್ತಿಗೆ ಅಂಗಳ ತುಂಬ ಮಂದಿ. ಆಕಿಯ ಅಕ್ಕ ಹಾಡಿಕೊಂಡು ಅಳುತ್ತಿದ್ದಳು. ಉಸಿರು ತೆಗೆದುಕೊಳ್ಳಲು ನಿಂತಳು. ಹಿತ್ತಲಿನಿಂದ ಗುಡು ಗುಡು ಗುಡು ಎಂದು ದೊಡ್ಡ ತೇಗು ಬಂತು.

"ಏನದು?" ಎಂದಳು ಅಕ್ಕ, ಅಳು ಮರೆತು.

"ಗ್ಯಾಸ್ ತುಂಬೈತಿ. ಒಲಿ ಹಚ್ಚಿಲ್ಲಲ್ಲ. ರಾಡಿ ಹೊರಗ ನೂಕಾಕತ್ತೈತಿ" ಎಂದೆ.

ಹಿರಿಯರಲ್ಲಿ ಚರ್ಚೆ ಶುರುವಾಯಿತು. "ಹಂಗಽ ಗಾಳಿಗೆ ಬಿಡು" ಎಂದ ಒಬ್ಬ. "ಸತ್ತವರ ಮನಿಯಾಗ ಅಷ್ಟು ವಾಸನಿ ಬಿಡ್ತಾರೇನಲೇ?" ಎಂದ ಇನ್ನೊಬ್ಬ. "ಗ್ಯಾಸಿಂದು ಒಲಿ ಅನಿಸಿಕೊಳ್ಳಂಗಿಲ್ಲ, ಹಚ್ರಿ" ಎಂದ ಮತ್ತೊಬ್ಬ. "ಉರಿದ್ರ ಒಲೀನಽ" ಎಂದರು ಉಳಿದವರು. ಗುಂಡಿ ಮತ್ತೆ ತೇಗಿತು.

ಆಗ ಬಾಜು ಮನೆಯ ಮುದುಕಿ ಎದ್ದಳು. ಹೌದು, ಅವಳೇ. "ಸತ್ತ ಮನಿಯಾಗ ಹಚ್ಚಬಾರ್ದು. ಗೋಡಿ ಆಚೆ ಯಾರೂ ಸತ್ತಿಲ್ಲ. ಒಲಿ ನನ್ನ ಪಡಸಾಲ್ಯಾಗ ಇಡ್ರಿ. ಹೆಂಗಿದ್ರೂ ಇವತ್ತಿನ ಅಡಗಿ ನಾನಽ ಮಾಡಬೇಕಲ್ಲ."

ನಾನು ಎದ್ದು ರಬ್ಬರ್ ಪೈಪು ಜೋಡಿಸಿದೆ. ಗೋಡೆ ಮೇಲಿಂದ ಆಚೆ ಇಳಿಸಿದೆ. ಒಲೆ ಎತ್ತಿ ಕೊಟ್ಟೆ. ಮುದುಕಿ ಕಡ್ಡಿ ಗೀರಿದಳು. ಭಗ್ಗೆಂದು ಹತ್ತಿತು. ಅನ್ನಕ್ಕೆ ಎಸರು ಇಟ್ಟಳು. ಇಟ್ಟು, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು.

"ಅಳಬ್ಯಾಡಬೇ" ಎಂದಳು ಆಕಿಯ ಅಕ್ಕ ಗೋಡೆ ಮೇಲಿಂದ.

"ನಾ ಎಲ್ಲಿ ಅಳಾಕತ್ತೀನಿ? ಹೊಗಿ ಬೇ, ಹೊಗಿ."

ಎಲ್ಲರೂ ಒಲೆ ನೋಡಿದೆವು. ನೀಲಿ ಉರಿ. ಒಂದು ಎಳೆ ಹೊಗೆ ಇಲ್ಲ.

ಮುದುಕಿಯೂ ನೋಡಿದಳು. "ಇದಽ ಇದರ ಖೋಡಿ ನೋಡು. ನಿನ್ನ ತಂಗಿ ಅಳಾಕ ಒಂದು ನೆವಾನೂ ಬಿಟ್ಟು ಹೋಗಿಲ್ಲ."

ಮೊದಲು ಅಕ್ಕ ನಕ್ಕಳು. ಆಮೇಲೆ ಅಂಗಳವೆಲ್ಲ ನಕ್ಕಿತು. ನಾನೂ ನಕ್ಕೆ.

ಸಂಜೆಯೊಳಗೆ ಮಣ್ಣು ಮಾಡಿ ಬಂದೆವು. ಮಾರನೆಯ ಬೆಳಗ್ಗೆ ಎಮ್ಮೆಯ ಸೆಗಣಿ ತುಂಬಿದೆ. ನೀರು ಕಲಸಿದೆ. ಗುಂಡಿಗೆ ಸುರಿದೆ. ಮುದುಕಿ ಗೋಡೆ ಆಚೆಯಿಂದ ಕೇಳಿದಳು, "ಒಲಿ ಒಯ್ತಿಯೇನಪಾ?"

"ಇರ್ಲಿ ಬಿಡಬೇ" ಎಂದೆ. ಗೋಡೆ ಮೇಲೆ ಹಾಗೇ ಬಿಟ್ಟರೆ ರಬ್ಬರ್ ಪೈಪು ಬಿಸಿಲಿಗೆ ಸೀಳು ಬಿಡುತ್ತದೆ. ಕೈ ತೊಳೆದುಕೊಂಡೆ. ಸಿಮೆಂಟು ಕಲಸಿ, ಗೋಡೆಗೆ ತೂತು ಹೊಡೆದು ಪೈಪನ್ನು ಅಲ್ಲೇ ಕೂರಿಸಿದೆ.