ಸಕ್ಕರೆ ಇಲ್ಲದ ಕಾಫಿ

ಕದಿರಯ್ಯ ಮೇಷ್ಟ್ರು ಕಾಫಿಗೆ ಸಕ್ಕರೆ ಬೇಡ ಅಂದದ್ದೇ ತಪ್ಪಾಯಿತು.

ಹಿಂದಿನ ವಾರ ಅವರ ಶಾಲೆಯ ಪ್ರಭುದೇವ್ ಮೇಷ್ಟ್ರು ಭಾಗಾಕಾರ ಹೇಳಿಕೊಡುತ್ತಾ ಬೋರ್ಡಿನ ಕೆಳಗೆ ಕುಸಿದವರು ಮೇಲೇಳಲಿಲ್ಲ. ಮಧುಗಿರಿ ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇಬ್ಬರದೂ ಒಂದೇ ವಯಸ್ಸು, ಒಂದೇ ಸುತ್ತಳತೆಯ ಹೊಟ್ಟೆ. ಹೆಣಕ್ಕೆ ಹೆಗಲು ಕೊಟ್ಟು ಬಂದ ಕದಿರಯ್ಯನವರು ಊಟಕ್ಕೆ ಕೂತಾಗಲೆಲ್ಲ ತಮ್ಮ ಎದೆಯನ್ನೇ ಮುಟ್ಟಿ ನೋಡಿಕೊಳ್ಳತೊಡಗಿದರು. ಮಗಳು ಶ್ರೀಲತಾಳ ಮದುವೆಯನ್ನಾದರೂ ನೋಡಬೇಕು. ಸರಿ, ಭಾನುವಾರ ಬೆಳಗ್ಗೆ ಹೊಸ ಶೂ ಹಾಕಿಕೊಂಡು ಕೊಡಿಗೇನಹಳ್ಳಿಯಿಂದ ಹಿಂದೂಪುರದ ರಸ್ತೆ ಹಿಡಿದು ಬಿರಬಿರನೆ ನಡೆದರು.

ಪಕ್ಕದ ಮನೆಯ ದೊಡ್ಡರಂಗಪ್ಪ ಮೊಪೆಡ್ ನಿಲ್ಲಿಸಿದ. "ಯಾರು ಹೋದ್ರು ಮೇಷ್ಟ್ರೆ?"

"ಯಾರೂ ಹೋಗಿಲ್ಲ. ಸುಮ್ನೆ ವಾಕಿಂಗು."

"ಸುಮ್ನೆ ಯಾರಾದ್ರೂ ನಡೀತಾರಾ? ಡಾಕ್ಟ್ರು ಹೇಳಿರ್ಬೇಕು ಬುಡಿ."

ವಾಪಸು ಬರುವಾಗ ಮುನಿಯಮ್ಮನ ಹೋಟೆಲಿನಲ್ಲಿ ಸಕ್ಕರೆ ಇಲ್ಲದ ಕಾಫಿ ಕೇಳಿದರು. ಬಿಸಿ ಬೋಂಡದ ತಟ್ಟೆಯನ್ನು ಹಾವು ಕಂಡವರಂತೆ ದೂರ ತಳ್ಳಿದರು. ಮುನಿಯಮ್ಮನ ಜಾಲರಿ ಸೌಟು ಎಣ್ಣೆಯ ಮೇಲೇ ನಿಂತಿತು.

"ಅಯ್ಯೋ ಮೇಷ್ಟ್ರೆ, ನಿಮ್ಗೂ ಸಕ್ಕರೆ ಬಂದ್ಬುಡ್ತಾ!"

"ಬಂದಿಲ್ಲ ಕಣಮ್ಮ. ಬರಬಾರ್ದು ಅಂತ."

"ಎಲ್ರೂ ಮೊದಲು ಇಂಗೇ ಅನ್ನೋದು," ಅಂದಳು ಮುನಿಯಮ್ಮ, ಕಣ್ಣೊರೆಸಿಕೊಳ್ಳುತ್ತಾ.

ಅವರು ಮನೆ ಮುಟ್ಟುವ ಮೊದಲೇ ಕಾಯಿಲೆ ಮನೆ ಮುಟ್ಟಿತ್ತು. ಹೆಂಡತಿ ಓಬಳಮ್ಮ ಹೊಸಿಲ ಮೇಲೆ ಕೂತು ಅಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಬಾಳೆಹಣ್ಣು ಹಿಡಿದು ನೋಡಲು ಬಂದವರಿಂದ ಪಡಸಾಲೆ ತುಂಬಿತು. ಒಬ್ಬರು ಅವರ ಪಾದ ಎತ್ತಿ ಹುಣ್ಣು ಹುಡುಕಿದರು. ಇನ್ನೊಬ್ಬರು ಪಾವಗಡದ ಕಡೆಯ ನಾಟಿ ಔಷಧಿಯ ವಿಳಾಸ ಹೇಳಿ, "ಅಲ್ಲಿಗೆ ಹೋದೋರು ಯಾರೂ ಮತ್ತೆ ಹೋಗಿಲ್ಲ," ಅಂದರು. ಗುಣವಾಗಿಯೋ ಇನ್ನೊಂದಾಗಿಯೋ, ಕೇಳುವ ಧೈರ್ಯ ಕದಿರಯ್ಯನವರಿಗೆ ಆಗಲಿಲ್ಲ.

ಆಗ ದೊಡ್ಡರಂಗಪ್ಪ ಓಡಿ ಬಂದ. ಶ್ರೀಲತಾಳನ್ನು ನೋಡಿ ಹೋಗಿದ್ದ ಹುಲಿಕುಂಟೆಯ ರಾಮಾಂಜಿನಮ್ಮ, ಮಗ ಅಂಜನ್ ಕುಮಾರನ ಜೊತೆ ಸಂಜೆ ಕೊನೆಯ ಮಾತಿಗೆ ಬರುವವರಿದ್ದರು. "ಅವ್ರ ಕಿವಿಗೂ ಬಿದ್ದೈತೆ ಮೇಷ್ಟ್ರೆ! ಹುಡುಗಿ ತಂದೆಗೆ ಸಕ್ಕರೆಯಂತೆ, ನಿಜವಾ ಅಂತ ಸಂಬಂಧ ತೋರ್ಸಿದ ನಂಗೇ ಫೋನ್ ಮಾಡಿದ್ರು. ಕಾಯಿಲೆ ಮನೆ ಹೆಣ್ಣು ಯಾರಿಗೆ ಬೇಕು? ಅವ್ರ ಎದುರಿಗೆ ಹೊಟ್ಟೆ ತುಂಬ ಸಿಹಿ ತಿಂದು ತೋರ್ಸಿ. ಅಷ್ಟೇ ದಾರಿ."

ಓಬಳಮ್ಮ ಅಳು ನಿಲ್ಲಿಸಿ ಒಬ್ಬಟ್ಟಿಗೆ ಬೇಳೆ ಇಟ್ಟರು.

ಸಂಜೆ ಕದಿರಯ್ಯನವರು ಬೀಗರೆದುರು ಕೂತು ತಿಂದರು. ತುಪ್ಪ ಸುರಿದ ಒಬ್ಬಟ್ಟು, ಅದರ ಮೇಲೆ ಮತ್ತೊಂದು, ಆಮೇಲೆ ಜಿಲೇಬಿ, ಮೇಲೆ ಪಾಯಸ. ನೇಣಿಗೇರುವವನು ಮೆಟ್ಟಿಲು ಹತ್ತಿದ ಹಾಗೆ ಒಂದೊಂದೇ ತುತ್ತು ಏರಿದರು. ಬೆವರು ಕಿವಿಯ ಹಿಂದೆ ಇಳಿಯಿತು. ದೊಡ್ಡರಂಗಪ್ಪ ಪಕ್ಕದಲ್ಲಿ ನಿಂತು ಬಡಿಸುತ್ತಲೇ ಇದ್ದ.

ರಾಮಾಂಜಿನಮ್ಮ ತಮ್ಮ ಎಲೆ ಮುಟ್ಟದೆ ಅವರನ್ನೇ ನೋಡುತ್ತಿದ್ದರು. ಕೊನೆಗೆ ಎದ್ದು ಸೆರಗು ಹೊದ್ದರು.

"ಒಪ್ಪೋದೋ ಬುಡೋದೋ ಅಂತ ಇದ್ದೆ ಕಣಣ್ಣ. ನೀವು ಸಕ್ಕರೆ ಮುಟ್ಟಲ್ಲ, ಬೆಳಗಾದ್ರೆ ನಡೀತೀರ ಅಂತ ಕೇಳಿ, ಕಾಯಿಲೆ ಇದ್ರೂ ಪಥ್ಯ ಗೊತ್ತಿರೋ ಮನೆ, ಇದೇ ಆಗ್ಲಿ ಅಂತ ಬಂದೆ. ನಮ್ಮ ಅಂಜನ್‌ಗೆ ಈ ವಯಸ್ಸಿಗೇ ಸಕ್ಕರೆ ಐತೆ."

"ನನಗೆ ಕಾಯಿಲೆನೇ ಇಲ್ಲಮ್ಮ!" ಕದಿರಯ್ಯನವರ ಬಾಯಿಂದ ಪಾಯಸ ಸಿಡಿಯಿತು.

"ನಮ್ಮ ಯಜಮಾನ್ರೂ ಇಂಗೇ ಅಂದ್ಕಂಡು ತಿಂತಿದ್ರು. ಮೊದಲು ಹೆಬ್ಬೆರಳು ತೆಗೆದ್ರು, ಆಮೇಲೆ ಕಾಲು. ಆಮೇಲೆ ಅವ್ರೇ ಹೋದ್ರು. ಮಗನ್ನ ಇಂಥ ಎಲೆ ಮುಂದೆ ಕೂರ್ಸಾಕೆ ನನ್ ಕೈಲಾಗಲ್ಲ."

ಅಂಜನ್ ಕುಮಾರ ಒಮ್ಮೆ ಒಳಗಿನ ಬಾಗಿಲ ಕಡೆ ನೋಡಿ, ತಾಯಿಯ ಹಿಂದೆ ನಡೆದ. ಕಾರು ಹೊರಟಿತು. ದೊಡ್ಡರಂಗಪ್ಪ ಸೌಟು ಕೆಳಗಿಟ್ಟು ಹಿತ್ತಲಿಂದ ಜಾರಿಕೊಂಡ.

ಶ್ರೀಲತಾ ಬಂದು ಎಲೆಗಳನ್ನು ಮಡಚತೊಡಗಿದಳು.

"ಹೋಗ್ಲಿ ಬುಡವ್ವ," ಅಂದರು ಕದಿರಯ್ಯ. "ಕಾಯಿಲೆ ಹುಡುಗನಂತೆ. ಮೊದಲೇ ಗೊತ್ತಾಗಿದ್ದು ಒಳ್ಳೇದಾಯ್ತು."

"ನೋಡೋಕೆ ಬಂದ ದಿನಾನೇ ನಂಗೆ ಹೇಳಿದ್ರಪ್ಪ ಅವ್ರು," ಅಂದಳು ಶ್ರೀಲತಾ, ತಲೆ ಎತ್ತದೆ. "ಗೊತ್ತಿದ್ದೇ ಒಪ್ಪಿದ್ದೆ."